ಬಲಕ್ಕೆ ಎರಡು ಗೀಟು

ಗ್ರಾಫೈಟ್ ಚೂರಿಗೆ ಟೇಪ್ ಅಂಟಿಸಿ ಕೀಳುವುದು, ಕಿತ್ತದ್ದಕ್ಕೆ ಇನ್ನೊಂದು ಟೇಪ್ ಅಂಟಿಸಿ ಮತ್ತೆ ಕೀಳುವುದು, ಕೊನೆಗೆ ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ ಉಳಿಯುವವರೆಗೂ ಕೀಳುತ್ತಲೇ ಇರುವುದು. ಇದು ಅವಳ ಕೆಲಸ. ಹಾಗಾಗಿ ಭೌತಶಾಸ್ತ್ರ ವಿಭಾಗದಲ್ಲಿ ಎಲ್ಲರಿಗೂ ಅವಳು ಟೇಪಕ್ಕ. "ಏಳು ವರ್ಷ ಸಂಜೆ ಕಾಲೇಜಿಗೆ ಅಲೆದು ಕಲಿತದ್ದು ಟೇಪ್ ಕೀಳೋದಾ?" ಎಂದು ಅವಳ ತಮ್ಮ ಕಾಲೆಳೆಯುತ್ತಿದ್ದ. ಅವಳೂ ನಗುತ್ತಿದ್ದಳು. ಬಸ್ಸಿನಲ್ಲಿ ಕೂತಾಗ ಮಾತ್ರ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಗುರುವಾರ ಮಧ್ಯಾಹ್ನದ ಸೆಮಿನಾರಿನಲ್ಲಿ ಅವಳ ಜಾಗ ಕೊನೆಯ ಬೆಂಚು. ಅಂದು ಮಾತಾಡುತ್ತಿದ್ದವಳು ಸಂಶೋಧನೆ ಮಾಡುವ ಹುಡುಗಿ. ಎರಡು ವರ್ಷದ ದುಡಿಮೆ; ಸಂಜೆಯೇ ಲೇಖನ ಪತ್ರಿಕೆಗೆ ಹೋಗುವುದಿತ್ತು. ಪ್ರೊಜೆಕ್ಟರ್ ಗುಂಯ್ ಎನ್ನುತ್ತಿತ್ತು. ಕಿಟಕಿಯಲ್ಲಿ ಎರಡು ತೆಳು ಜಾಲರಿ ಪರದೆಗಳು ಒಂದರ ಮೇಲೊಂದು ಸರಿದು, ಎರಡರಲ್ಲೂ ಇಲ್ಲದ ದೊಡ್ಡ ದೊಡ್ಡ ಅಲೆಗಳು ಬೆಳಕಿನಲ್ಲಿ ತೇಲುತ್ತಿದ್ದವು. ಟೇಪಕ್ಕನ ಕಣ್ಣು ಅಲ್ಲೇ ನೆಟ್ಟಿತು. ಅವಳ ಹಾಳೆಗಳೂ ಹೀಗೆಯೇ. ಒಂದರ ಮೇಲೊಂದನ್ನು ಕೂದಲೆಳೆಯಷ್ಟು ತಿರುಗಿಸಿಟ್ಟರೆ ಅಲೆ ಏಳುತ್ತದೆ. ಅವಸರದ ಎಲೆಕ್ಟ್ರಾನುಗಳು ಅಲೆಯ ಮಡಿಲಲ್ಲಿ ನಿಧಾನವಾಗುತ್ತವೆ. ಕೊರೆಯುವ ಚಳಿಯಲ್ಲಿ ಜೋಡಿ ಜೋಡಿಯಾಗಿ ಕೈ ಹಿಡಿದು, ಯಾವ ತಡೆಯೂ ಇಲ್ಲದೆ ಹರಿದುಹೋಗುತ್ತವೆ. ಅವಳೂ ಅವುಗಳ ಜೊತೆ ಎಲ್ಲಿಗೋ ಹೊರಟಿದ್ದಳು.

"ತಡೆ ಸೊನ್ನೆಗೆ ಇಳಿದದ್ದು ಏಳನೇ ಮತ್ತು ಹನ್ನೊಂದನೇ ತುಣುಕಿನಲ್ಲಿ ಮಾತ್ರ," ಎಂದಳು ಹುಡುಗಿ. "ತಿರುವು ಎಲ್ಲದರಲ್ಲೂ ಒಂದೇ. ಈ ಎರಡರಲ್ಲಿ ಮಾತ್ರ ಜೋಡಿಸುವಾಗ ಬಲ ಹೆಚ್ಚಿತ್ತು. ಅಂದರೆ ಗುಟ್ಟಿರೋದು ಒತ್ತಡದಲ್ಲಿ."

ಟೇಪಕ್ಕ ಬೆಚ್ಚಿದಳು. 'ಬಲ ತುಸು ಹೆಚ್ಚು.' ಅದು ಅವಳದೇ ನೋಟ್‌ಬುಕ್ಕಿನ ಮಾತು. ಆದರೆ ಅವಳು ಯಾವತ್ತೂ ಒತ್ತಿದವಳಲ್ಲ. ಒತ್ತಿದರೆ ಹಾಳೆ ಹರಿಯುತ್ತದೆ. ಅವಳು ತಿರುಗಿಸಿದ್ದು, ಜೋಡಿಸುವ ಯಂತ್ರದ ಗುಂಡಿಯನ್ನು, ಬಲಗಡೆಗೆ.

ಒತ್ತಿದ್ದೆನೇನೋ? ತನ್ನ ನೆನಪನ್ನು ನಂಬುವುದು ಹೇಗೆ? ಬಾಯಿ ಬಿಟ್ಟರೆ ಹುಡುಗಿಯ ಎರಡು ವರ್ಷ ಎಲ್ಲರೆದುರು ಮಣ್ಣುಪಾಲು, ಅದೂ ತನ್ನ ಬರವಣಿಗೆಯಿಂದ. ಬಿಡದಿದ್ದರೆ ಯಾರ್ಯಾರೋ ಎಲ್ಲೆಲ್ಲೋ ಒತ್ತಿ ಒತ್ತಿ ಹಾಳೆ ಹರಿಯುತ್ತಾ ಕೂರುತ್ತಾರೆ. ಕೈ ಅರ್ಧಕ್ಕೆ ಎದ್ದಿತು.

ಮುಂದಿನ ಬೆಂಚಿನಿಂದ ಮೇಷ್ಟ್ರು ಹಿಂತಿರುಗಿ ನೋಡಿದರು. "ಏನು ಟೇಪಕ್ಕ, ಫ್ಯಾನ್ ಆರಿಸಬೇಕಾ?"

"ಅಲ್ಲ ಸರ್. ಪ್ರಶ್ನೆ."

ಯಾರೋ ಕಿಸಕ್ಕೆಂದರು. ಅವಳು ಎದ್ದು ನಿಂತಳು. "ನಾನು ಬಲ ಅಂತ ಬರೆದದ್ದು ಬಲಗಡೆ ಅಂತ. ಜೋರು ಅಂತಲ್ಲ. ಆ ಎರಡಕ್ಕೆ ತಿರುವೇ ಹೆಚ್ಚು."

ಹುಡುಗಿಯ ಮುಖ ಬಿಳಿಚಿತು. "ಆದ್ರೆ ಅಕ್ಕ, ಎಡ ಅಂತ ಎಲ್ಲೂ ಇಲ್ವಲ್ಲ? ನಾನು ಪೂರ್ತಿ ಓದಿದ್ದೀನಿ."

"ಆ ಗುಂಡಿ ಎಡಕ್ಕೆ ಸಡಿಲ ಕಣಮ್ಮ. ನಾನು ಎಡಕ್ಕೆ ತಿರುಗಿಸಿದ್ದೇ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಮೂವತ್ತು ವರ್ಷ ಬಲದ ಪಾಠ ಮಾಡಿದೀನಿ. ನಾನಾಗಿದ್ರೂ ಹಾಗೇ ಓದ್ತಿದ್ದೆ."

ಮುಂದಿನ ಸ್ಲೈಡಿಗೆ ಹೋಗಬೇಕಿದ್ದ ಹುಡುಗಿಯ ಬೆರಳು ಹಾಗೇ ನಿಂತಿತ್ತು. ಕೊನೆಗೆ ಕೇಳಿದಳು. "ಬಲಕ್ಕೆ ಎಷ್ಟು, ಅಕ್ಕ?"

"ಎರಡು ಗೀಟು. ಎರಡು ಸಲವೂ." ಇದರಲ್ಲಿ ಮಾತ್ರ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಗುಂಡಿಯ ಆ ಗೀಟುಗಳು ಈಗಲೂ ಬೆರಳ ತುದಿಯಲ್ಲಿದ್ದವು.

"ಲೇಖನ ಇವತ್ತು ಕಳಿಸಲ್ಲ ಸರ್," ಎಂದು ಹುಡುಗಿ ಪರದೆಯ ಮೇಲಿನ ಚಿತ್ರ ಆರಿಸಿದಳು.

ಎಲ್ಲರೂ ಎದ್ದು ಹೋದರು. ಟೇಪಕ್ಕ ನೋಟ್‌ಬುಕ್ ತೆರೆದಳು. ಹಳೆಯದನ್ನು ಅಳಿಸುವಂತಿಲ್ಲ, ಏಳನೇ, ಹನ್ನೊಂದನೇ ತುಣುಕುಗಳ ಪುಟದ ಅಂಚಿನಲ್ಲಿ ಇವತ್ತಿನ ತಾರೀಖು ಹಾಕಿ 'ಬಲ'ದ ಪಕ್ಕಕ್ಕೆ 'ಗಡೆ' ಎಂದು ಬರೆದಳು. ಹಾಳೆಯ ಮೇಲೆ ಕಿಟಕಿ ಪರದೆಯ ಅಲೆ ಹಾದುಹೋಯಿತು. ತಲೆ ಎತ್ತಿದರೆ ಹುಡುಗಿ ನಿಂತಿದ್ದಳು, ಕಣ್ಣು ಕೆಂಪಗಾಗಿತ್ತು.

"ನಾಳೆ ಬೆಳಿಗ್ಗೆ ಹೊಸ ಹಾಳೆ ಕಿತ್ತುಕೊಡ್ತೀರಾ? ಈ ಸಲ ನಾನೂ ಪಕ್ಕದಲ್ಲಿ ಕೂರ್ತೀನಿ."

ಟೇಪಕ್ಕ ನೋಟ್‌ಬುಕ್ ಮುಚ್ಚಿದಳು. "ಎಡಗಡೆ ಕೂರು," ಎಂದಳು. "ಬಲಗಡೆ ನಂಗೆ ಕೈ ಆಡಬೇಕು."