ಪೋರ್ಷನ್ ಮುಗಿಸದ ಟೀಚರ್

ಪರೀಕ್ಷೆಗೆ ಇನ್ನೂ ತಿಂಗಳಿರುವಾಗಲೇ ಪೋರ್ಷನ್ ಮುಗಿಸಿ, ಮಕ್ಕಳನ್ನು ರಿವಿಷನ್ನಿಗೆ ಕೂರಿಸುವವರು ಎಂದರೆ ಆ ಶಾಲೆಯಲ್ಲಿ ಲೆಕ್ಕದ ಟೀಚರ್ ಒಬ್ಬರೇ. ಅವರ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಪಕ್ಕದ ಕೋಣೆಯ ವಿಜ್ಞಾನದ ಮೇಷ್ಟ್ರು, "ನಿಮ್ಮ ಮಕ್ಕಳು ಉಸಿರಾಡ್ತಿದಾರಾ ಅಂತ ಆಗಾಗ ಬಂದು ನೋಡ್ಬೇಕು ಅನ್ಸುತ್ತೆ" ಎನ್ನುತ್ತಿದ್ದರು. ಟೀಚರ್ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದರು.

ಆ ವರ್ಷ ಅವರ ಸ್ವಂತ ತಮ್ಮನೇ ಹೆಡ್‌ಮಾಸ್ಟರ್ ಆಗಿ ಬಂದ. ಗಂಡ ತೀರಿಕೊಂಡ ಮೇಲೆ ಟೀಚರ್ ತಮ್ಮನ ಮನೆಯ ಮಹಡಿಯಲ್ಲೇ ಇದ್ದರು. ಊಟ ಕೆಳಗೆ, ಎಲ್ಲರ ಜೊತೆ. ಶಾಲೆಯಲ್ಲಿ 'ಸರ್', 'ಟೀಚರ್'. ಮನೆಗೆ ಬಂದರೆ 'ಲೋ', 'ಅಕ್ಕ'. ಅವನಿಗೆ ಮಗ್ಗಿ ಹೇಳಿಕೊಟ್ಟವರೂ ತಪ್ಪಿದಾಗ ಕಿವಿ ಹಿಂಡಿದವರೂ ಇವರೇ.

ಹೆಡ್‌ಮಾಸ್ಟರುಗಳ ತರಬೇತಿಗೆ ಹೋಗಿ ಬಂದ ತಮ್ಮ ಬೇರೆ ಮನುಷ್ಯನೇ ಆಗಿದ್ದ. ಊಟಕ್ಕೆ ಕೂತರೂ ಅದೇ ಮಾತು.

"ನಾವು ಪುಸ್ತಕಕ್ಕೆ ಪಾಠ ಮಾಡ್ತಿದೀವಿ ಅಕ್ಕ, ಮಕ್ಕಳಿಗಲ್ಲ. ಮಗು ಎಲ್ಲಿ ನಿಂತಿದೆ ನೋಡಿ, ಅಲ್ಲಿಂದ ಹೊರಡ್ಬೇಕು. ಏಳನೇ ಕ್ಲಾಸಲ್ಲಿ ನೀನು ಶುರು ಮಾಡು. ನೀನೇ ಮಾಡಿದ್ರೆ ಮಿಕ್ಕೋರು ಸೊಲ್ಲೆತ್ತಲ್ಲ."

"ಅಂದ್ರೆ ಇಷ್ಟು ವರ್ಷ ನಾನೇನು ಮಣ್ಣು ಹೊರ್ತಿದ್ನಾ?"

ತಮ್ಮನ ಹೆಂಡತಿ ನಗು ಅದುಮಿಕೊಂಡು ಒಳಗೆ ಹೋದಳು. ತಮ್ಮ ಮಾತ್ರ ಪಟ್ಟು ಬಿಡಲಿಲ್ಲ. ಕೊನೆಗೆ ಟೀಚರ್, "ಹೆಚ್ಚುಕಮ್ಮಿ ಆದ್ರೆ ನನ್ನ ಬೆನ್ನಿಗೆ ನೀನಿರ್ತೀಯಾ?" ಎಂದು ಕೇಳಿದರು.

"ಇರ್ತೀನಿ" ಎಂದ.

ಬೆಂಚುಗಳನ್ನು ಎದುರುಬದುರಾಗಿ ಜೋಡಿಸಿದ್ದಾಯಿತು. "ನಿಮಗೆ ಯಾವುದು ಅರ್ಥ ಆಗಿಲ್ವೋ ಅದನ್ನ ಕೇಳಿ" ಎಂದರೆ ಮಕ್ಕಳು ಮುಖ ಮುಖ ನೋಡಿಕೊಂಡರು. ಟೀಚರ್ ಬೈಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗದ್ದಲವೋ ಗದ್ದಲ. ಟೀಚರಿಗೆ ದಿನಾ ಸಂಜೆ ತಲೆ ಸಿಡಿಯುತ್ತಿತ್ತು. ಹಳೆಯ ದಾರಿಗೇ ಹೋಗಿಬಿಡೋಣ ಎಂದುಕೊಳ್ಳುತ್ತಿರುವಾಗ, ಗುಬ್ಬಿ ಎದ್ದು ನಿಂತಳು.

ಸಣ್ಣ ದನಿಗೆ ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಬೋರ್ಡಿನ ಮೇಲಿದ್ದದ್ದನ್ನು ಒಂದು ಚುಕ್ಕೆ ತಪ್ಪದಂತೆ ಇಳಿಸಿಕೊಳ್ಳುವ ಹುಡುಗಿ. ಅವಳ ಬಗ್ಗೆ ಟೀಚರ್ ಯಾವತ್ತೂ ಯೋಚಿಸಿದ್ದೇ ಇಲ್ಲ.

"ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ವಾ ಟೀಚರ್? ಮೂರನ್ನ ಅರ್ಧದಿಂದ ಭಾಗಿಸಿದ್ರೆ ಆರು ಯಾಕೆ ಬರುತ್ತೆ?"

"ಅರ್ಧವನ್ನ ತಿರುಗಿಸಿ ಗುಣಿಸ್ಬೇಕಮ್ಮ."

"ತಿರುಗಿಸೋದು ಗೊತ್ತು. ಯಾಕೆ ತಿರುಗಿಸ್ಬೇಕು?"

ಟೀಚರ್ ಬೋರ್ಡಿನ ಕಡೆ ತಿರುಗಿ ಲೆಕ್ಕವನ್ನು ಇನ್ನೊಮ್ಮೆ ನೋಡಿದರು. "ನಾಳೆ ನೋಡೋಣ" ಎಂದರು.

ಸಂಜೆ ತಮ್ಮನನ್ನು ಕೇಳಿದರೆ, "ರೂಲೇ ಹಾಗಿದೆಯಲ್ಲ ಅಕ್ಕ. ನೀನೇ ಹೇಳಿಕೊಟ್ಟಿದ್ದು" ಎಂದು ನಕ್ಕ. ಅವರಿಗೆ ನಗು ಬರಲಿಲ್ಲ. ಅಡುಗೆಮನೆಗೆ ಹೋಗಿ ಮೂರು ಲೋಟ ನೀರು ತುಂಬಿಸಿಟ್ಟು, ಅರ್ಧರ್ಧ ಲೋಟಕ್ಕೆ ಹಂಚುತ್ತ ಕೂತರು. ಮೂರರಲ್ಲಿ ಅರ್ಧಗಳು ಎಷ್ಟಿವೆ ಎಂದು ಕೇಳುತ್ತಿದ್ದೇವೆ, ಅಷ್ಟೇ. ಇಷ್ಟು ಸುಲಭದ ಮಾತನ್ನು ಯಾವ ಮಗುವಿಗೂ ತಾವು ಹೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

ಮರುದಿನ ಉತ್ತರ ಹೇಳಲಿಲ್ಲ. ಲೋಟಗಳನ್ನು ಮಕ್ಕಳ ಕೈಗೆ ಕೊಟ್ಟರು. ನೆಲವೆಲ್ಲ ನೀರು. ಗುಬ್ಬಿ ತಾನೇ ಕಂಡುಕೊಂಡು ಪಕ್ಕದವಳಿಗೆ ವಿವರಿಸುತ್ತಿದ್ದಳು, ಅದೂ ಇಡೀ ಕೋಣೆಗೆ ಕೇಳಿಸುವ ದನಿಯಲ್ಲಿ. ಅಲ್ಲಿಂದ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಒಂದನ್ನು ಬಿಡಿಸಲು ಹೋದರೆ ಐದನೇ ಕ್ಲಾಸಿನ ಪಾಠಕ್ಕೆ, ಅಲ್ಲಿಂದ ನಾಲ್ಕನೆಯದಕ್ಕೆ ಇಳಿಯಬೇಕಾಗುತ್ತಿತ್ತು. ಪೋರ್ಷನ್ ಅರ್ಧಕ್ಕೇ ನಿಂತಿತು. ಅರ್ಧವಾರ್ಷಿಕ ಪರೀಕ್ಷೆ ಮಾತ್ರ ಹಳೆಯದೇ, ಎಲ್ಲ ಶಾಲೆಗಳಿಗೂ ಒಂದೇ. ಕಲಿಸದ ಪಾಠಗಳ ಲೆಕ್ಕಗಳೇ ತುಂಬ ಬಂದಿದ್ದವು. ಏಳನೇ ತರಗತಿ ನೆಲ ಕಚ್ಚಿತು. ಗುಬ್ಬಿಯೂ ಫೇಲಾದಳು.

ಪೋಷಕರ ಸಭೆಯಲ್ಲಿ ಗುಬ್ಬಿಯ ಅಪ್ಪ ಮೊದಲು ಎದ್ದರು. ಬಸ್ ಡ್ರೈವರ್, ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದರು. "ನನ್ನ ಮಗಳು ಮನೇಲಿ ಈಗ ಬಾಯ್ತುಂಬ ಮಾತಾಡ್ತಾಳೆ, ಸಂತೋಷ. ಆದ್ರೆ ಮಾತಿಗೆ ಮಾರ್ಕ್ಸ್ ಕೊಡಲ್ವಲ್ಲ ಟೀಚರ್. ನಿಮ್ಮ ಪ್ರಯೋಗಕ್ಕೆ ನನ್ನ ಮಗಳೇ ಬೇಕಿತ್ತಾ?"

ಆ ಮಾತಿನಲ್ಲಿ ತಪ್ಪೇನೂ ಟೀಚರಿಗೆ ಕಾಣಲಿಲ್ಲ. ಅವರು ತಮ್ಮನ ಕಡೆ ನೋಡಿದರು. ಶಾಲೆಯ ಕಮಿಟಿಯ ಅಧ್ಯಕ್ಷರು, "ಇದೆಲ್ಲ ಯಾರ ತಲೆಯಿಂದ ಬಂತು?" ಎಂದು ಕೇಳಿದಾಗ ಅವನು ಮೇಜಿನ ಮೇಲಿದ್ದ ಪೆನ್ನನ್ನು ಸರಿಯಾಗಿ ಜೋಡಿಸಿಟ್ಟ. "ಟೀಚರ್ ಸ್ವಲ್ಪ ಅತಿ ಉತ್ಸಾಹದಿಂದ ಹೋದ್ರು. ಸರಿಪಡಿಸ್ತೀವಿ" ಎಂದ.

ಬೆಂಚುಗಳು ಮತ್ತೆ ಸಾಲಾದವು. ಏಳನೆಯದಕ್ಕೆ ಬಾಯಿಪಾಠ ಮಾಡಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಹೊಸ ಮೇಷ್ಟ್ರು ಬಂದರು. ಟೀಚರನ್ನು ಮೂರನೆಯದಕ್ಕೆ ಹಾಕಿದರು. ಅವರು ಊಟಕ್ಕೆ ಕೆಳಗಿಳಿಯುವುದನ್ನು ಬಿಟ್ಟರು. ಕೆಲವು ದಿನ ನೋಡಿ ತಮ್ಮನೇ ತಟ್ಟೆ ಹಿಡಿದು ಮೇಲೆ ಬಂದ.

"ನನ್ನ ಮೇಲೆ ಕೋಪಾನಾ ಅಕ್ಕ?"

"ಕೋಪ ಆಗಿದ್ರೆ ಕಿವಿ ಹಿಂಡ್ತಿದ್ದೆ. ಗುಬ್ಬಿ ಇವತ್ತು ಎದುರಿಗೆ ಸಿಕ್ಳು. ಹೊಸ ಮೇಷ್ಟ್ರ ಪಾಠ ಅರ್ಥ ಆಗುತ್ತಾ ಅಂತ ಕೇಳಿದೆ. ಅರ್ಥ ಆಗದಿದ್ರೂ ಪರವಾಗಿಲ್ಲ ಟೀಚರ್, ಬರ್ಕೋತೀನಿ ಅಂದ್ಳು. ನನಗೆ ಸಮಾಧಾನ ಹೇಳೋ ಥರ ಹೇಳಿದ್ಳು ಕಣೋ."

ತಮ್ಮ ತಟ್ಟೆ ಕೆಳಗಿಟ್ಟ. "ಒಂದೆರಡು ವರ್ಷ ಹೋಗ್ಲಿ. ಎಲ್ಲರನ್ನೂ ಒಪ್ಪಿಸಿ, ನಿಧಾನಕ್ಕೆ..."

"ಅವಳು ಏಳನೇ ಕ್ಲಾಸಲ್ಲಿರೋದು ಈ ವರ್ಷ." ಟೀಚರ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಸಂಜೆ ಬೆಲ್ ಆದ್ಮೇಲೆ ನನ್ನ ಕೋಣೆ ತೆಗೆದಿಡ್ತೀನಿ. ಯಾವ ಕ್ಲಾಸಿನೋರೇ ಬರ್ಲಿ, ಏನು ಬೇಕಾದ್ರೂ ಕೇಳ್ಲಿ. ಕಮಿಟಿಯವರು ಕೇಳಿದ್ರೆ ಉತ್ತರ ನೀನು ಕೊಡ್ಬೇಕು."

ಅವನು "ನೋಡೋಣ" ಎಂದಷ್ಟೇ ಹೇಳಿ ಕೆಳಗಿಳಿದ.

ಮೊದಲ ಸಂಜೆ ಗುಬ್ಬಿ ಬಾಗಿಲವರೆಗೆ ಬಂದಳು. "ಅಪ್ಪ ಟ್ಯೂಷನ್ನಿಗೆ ಹಾಕಿದಾರೆ ಟೀಚರ್, ಹೊತ್ತಾಗುತ್ತೆ" ಎಂದು ಹೊರಟುಹೋದಳು. ಒಳಗೆ ಉಳಿದವರು, ಅಮ್ಮ ಕೆಲಸ ಮುಗಿಸಿ ಬರುವುದನ್ನು ಕಾಯುತ್ತಿದ್ದ ಮೂರನೇ ತರಗತಿಯ ಇಬ್ಬರು ಪುಟ್ಟ ಹುಡುಗಿಯರು ಅಷ್ಟೇ. ಟೀಚರ್ ಅವರ ಪಕ್ಕ ಕೂತರು. ಆಫೀಸಿಗೆ ಬೀಗ ಹಾಕಿ ಬಂದ ತಮ್ಮ ಕಿಟಕಿಯ ಹೊರಗೆ ನಿಂತದ್ದು ಕಾಣಿಸಿತು. ಒಳಗೆ ಕರೆಯಲಿಲ್ಲ. ತುಸು ಹೊತ್ತಿನ ಮೇಲೆ ಅವನೇ ಬಂದು, ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತ.