ಹೋರಿಯ ಕಾಲಿನ ಪಟ್ಟಿ

“ಬಿಚ್ಚಲೇ ಆ ಪಟ್ಟಿ! ಹೋರಿ ಕಾಲ ಉಳುಕೈತಿ. ನಿನ್ನ ಕಾಲಿಗ್ಯಾಕ ಬೇಕಲೇ ಭಾಡ್ಯಾ ಇಂಥಾ ಶೃಂಗಾರ?”

ಶಲವಡಿಯ ಶಂಭುಲಿಂಗಪ್ಪ ಗೌಡ ಕುರ್ಚಿಯಿಂದ ಏಳದೆಯೇ ಕೋಲಿನ ತುದಿಯಿಂದ ಆಳು ಹುಚ್ಚಪ್ಪನ ಮೊಣಕಾಲನ್ನು ತಿವಿದ. ಹುಬ್ಬಳ್ಳಿಯ ಡಾಕ್ಟರು ಸುತ್ತಿಕೊಟ್ಟಿದ್ದ ಎಲಾಸ್ಟಿಕ್ ಪಟ್ಟಿಯನ್ನು ಹುಚ್ಚಪ್ಪ ಬಗ್ಗಿ ಬಿಚ್ಚಿದ. ಬಿಗಿತ ಸಡಿಲವಾದೊಡನೆ ನರಗಳು ಮೀನಖಂಡದ ಮೇಲೆ ಎರೆಹುಳುಗಳಂತೆ ಹೆಣೆದುಕೊಂಡು ಉಬ್ಬಿದವು. ಪಟ್ಟಿ ಬಿಳಿ ಹೋರಿಯ ಕಾಲಿಗೆ ಹೋಯಿತು.

ಹದಿನೆಂಟು ವರ್ಷಗಳಿಂದ ಹುಚ್ಚಪ್ಪನ ಕೆಲಸ ಒಂದೇ: ತೂಗುಹಾಕಿದ ಅಂಡಿಗೆಯೊಳಗಿಳಿದು ಗೌಡನ ಹತ್ತಿಯನ್ನು ತುಳಿದು ತುಂಬುವುದು. ಆಳೆತ್ತರದ ಆ ಗೋಣಿಚೀಲದೊಳಗೆ ಕೂರಲು ಜಾಗವಿಲ್ಲ. ಹೊರಬಂದರೆ ಅಂಗಳದಲ್ಲಿ ಕೂರಲು ಅಪ್ಪಣೆಯಿಲ್ಲ. ಅವನ ಕೇರಿಯವರು ಅಲ್ಲಿ ರೊಟ್ಟಿ ತಿನ್ನುವುದೂ ನಿಂತೇ.

“ಧಣ್ಯಾರ, ಸೋಮವಾರ ಆಪರೇಶನ್ ಐತ್ರಿ. ತೊಡಿ ಸಂದ್ಯಾಗ ಕೊಯ್ದು, ತಂತಿ ಹಾಕಿ ಕೆಟ್ಟ ನರಾ ಎಳದ ತಗೀತಾರಂತ್ರಿ. ತಡಾ ಮಾಡಿದ್ರ ಹುಣ್ಣಾಗಿ ಕಾಲ ಹೋಗತೈತಿ ಅಂದಾರ್ರಿ.”

“ನನಗೂ ಅದಾವಲೇ ಇಂಥಾ ನರಾ! ನಾಕ ಸೂಜಿ ಚುಚ್ಚಿಸ್ಕೊಂಡ ಬಂದೆ, ಅತ್ನೇನು? ಸುಗ್ಗಿ ಹೊತ್ನ್ಯಾಗ ಹ್ವಾದ್ರ ನಿನ್ನ ಗುಡಸಲಾ ಕಿತ್ತ ಒಗಸ್ತೇನಿ.”

ನರ ಒಣಗಿಸುವ ಸೂಜಿಗೆ ಗೌಡ ಕಾರಿನಲ್ಲಿ ಹೋಗಿಬಂದಿದ್ದ. ಡಾಕ್ಟರು ಕೊಟ್ಟ ಬಿಗಿ ಕಾಲುಚೀಲವನ್ನು ಮಾತ್ರ ಸೆಕೆಯೆಂದು ಎರಡೇ ದಿನಕ್ಕೆ ಎಸೆದಿದ್ದ.

ಮಧ್ಯಾಹ್ನದ ಹೊತ್ತಿಗೆ ಹುಚ್ಚಪ್ಪನ ಕಾಲು ಕಲ್ಲಾಯಿತು. ಅಂಡಿಗೆಯಿಂದ ಹೊರಬಂದವನು ಚಕ್ಕಡಿಯ ಗಾಲಿಗೆ ಒರಗಿ ಕುಳಿತುಬಿಟ್ಟ. ಗೋಡೆಗುಂಟ ನಿಂತು ರೊಟ್ಟಿ ತಿನ್ನುತ್ತಿದ್ದ ಆಳುಗಳು ತಿರುಗಿ ನೋಡಿದರು.

“ಏಳಲೇ ಸೂಳೇಮಗನ!” ಗೌಡ ಧಾವಿಸಿ ಬಂದು ಒದ್ದ. ಹುಚ್ಚಪ್ಪ ಸರಕ್ಕನೆ ಪಕ್ಕಕ್ಕೆ ಸರಿದ. ಒದ್ದ ಕಾಲು ಗಾಲಿಯ ಕಬ್ಬಿಣದ ಪಟ್ಟೆಗೆ ಅಪ್ಪಳಿಸಿತು. ಕಣಕಾಲಿನ ಮೇಲೆ ಉಬ್ಬಿದ್ದ ನರ ಒಡೆದು, ಚಿಮ್ಮಿದ ರಕ್ತ ಹತ್ತಿಯ ರಾಶಿಯನ್ನು ತೋಯಿಸಿತು.

ಗೌಡನ ಹೆಂಡತಿ ಗೌರಕ್ಕ ಓಡಿಬಂದು ಗಂಡನನ್ನು ಕುರ್ಚಿಯಲ್ಲಿ ಕೂರಿಸಿದಳು. ಅರಿಷಿಣ ಒತ್ತಿದಳು, ಚಹಾಪುಡಿ ಒತ್ತಿದಳು, ಎಲ್ಲವೂ ತೊಳೆದುಹೋಯಿತು. ಊರಗೌಡ ಆಳುಗಳೆದುರು ನೆಲಕ್ಕೆ ಮೈ ಚಾಚುವುದುಂಟೆ? ಕಾಲು ಕೆಳಗೆ ಇಳಿಬಿದ್ದಷ್ಟೂ ಧಾರೆ ದಪ್ಪವಾಯಿತು.

ಹುಚ್ಚಪ್ಪನಿಗೆ ಗೊತ್ತಿತ್ತು. ನರ ಒಡೆದರೆ ನಿಲ್ಲಬೇಡ, ಕೂರಬೇಡ; ಮಲಗಿ ಕಾಲೆತ್ತಿ ಒತ್ತಿ ಹಿಡಿ ಎಂದು ಡಾಕ್ಟರು ಅವನಿಂದ ಮೂರು ಸಲ ಹೇಳಿಸಿದ್ದರು. ಅವನು ಗೌಡನ ತುಟಿ ಬಿಳಿಚುವವರೆಗೂ ಸುಮ್ಮನೆ ನೋಡಿದ. ಆಮೇಲೆ ಬಾಯಿಬಿಟ್ಟ.

“ನೆಲಕ್ಕ ಮಲಗಸ್ರಿ ಅಕ್ಕಾರ. ರಗತಾ ನಾ ನಿಂದ್ರಸ್ತೇನಿ.”

“ಇವನ ಮುಂದ... ನಾ...” ಗೌಡ ತೊದಲಿದ.

“ಹೌದ್ರಿ, ನನ್ನ ಮುಂದ. ಒಲ್ಲೆ ಅಂದ್ರ ಕುರ್ಚ್ಯಾಗ ಕುಂತ ಸಾಯ್ರಿ. ಮಾನಾರ ಉಳೀತೈತಿ.”

ಮಲಗಿಸಿದರು. ಹುಚ್ಚಪ್ಪ ಖಾಲಿಯಾದ ಕುರ್ಚಿಯಲ್ಲಿ ಕುಳಿತ. ಗೌಡನ ಹಿಮ್ಮಡಿಯನ್ನು ತನ್ನ ತೊಡೆಯ ಮೇಲೆತ್ತಿಕೊಂಡು ಗಾಯಕ್ಕೆ ಹೆಬ್ಬೆರಳು ಊರಿದ. ರಕ್ತ ನಿಂತಿತು.

“ಹೋರಿ ಕಾಲಿನ ಪಟ್ಟಿ ಬಿಚ್ಚಿ ತರ್ರಿ ಅಕ್ಕಾರ.” ಅವಳು ಓಡಿದಳು. ಅವನು ಗೌಡನತ್ತ ಬಾಗಿದ. “ಸೋಮವಾರ ದವಾಖಾನಿಗೆ ಹೊಕ್ಕೇನ್ರಿ. ಗುಡಸಲಾ?”

“ಮುಟ್ಟೂದಿಲ್ಲೋ... ಹೋಗು...”

“ಈಗ ಇವ್ರಿಗೆ ಕೂಡ್ರಿ ಅನ್ರಿ.” ಗೋಡೆಗುಂಟ ನಿಂತ ಹನ್ನೊಂದು ಆಳುಗಳತ್ತ ಅವನು ಗದ್ದ ಎತ್ತಿ ತೋರಿಸಿದ.

ಗೌಡ ಹಲ್ಲು ಕಚ್ಚಿದ. ಹುಚ್ಚಪ್ಪ ಹೆಬ್ಬೆರಳು ಎತ್ತಿದ. ಬಿಸಿ ರಕ್ತ ಮೊಣಕಾಲಿನತ್ತ ಹರಿಯಿತು.

“ಒತ್ತೋ ಯಪ್ಪಾ, ಕೈ ಮುಗೀತೇನಿ!” ಸಗಣಿ ಮೆತ್ತಿದ ಪಟ್ಟಿ ಹಿಡಿದು ಗೌರಕ್ಕ ಚೀರಿದಳು.

“ನನಗ್ಯಾಕ ಮುಗೀತೀರಿ? ಗೌಡ್ರ ಬಾಯಿ ಬಿಡಸ್ರಿ.”

ಗೌಡ ಬಾಯಿ ಬಿಡಲಿಲ್ಲ. ಎಲ್ಲರಿಗಿಂತ ಹಿರಿಯನಾದ ತಿರಕಪ್ಪ ಕೆಮ್ಮಿದ. “ಅವರು ಅನ್ನೂತನಕಾ ನಿಂದ್ರಾಕ ನನ್ನ ಕಾಲ ಒಲ್ಲೆ ಅಂತಾವಪಾ,” ಎಂದು ಗೋಡೆಗೆ ಬೆನ್ನು ಜಾರಿಸಿ ಕುಳಿತ. ಪಕ್ಕದವನೂ ಕುಳಿತ. ಅದರಾಚೆಯವನೂ ಕುಳಿತ.

ನೆಲದ ಮೇಲಿನಿಂದ ಗೌಡ ಕತ್ತು ಹೊರಳಿಸಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ.

ಹುಚ್ಚಪ್ಪ ಎತ್ತಿದ ಹೆಬ್ಬೆರಳು ಇನ್ನೂ ಗಾಯಕ್ಕೆ ಇಳಿದಿರಲಿಲ್ಲ.