ಚಿಕ್ಕಪ್ಪನ ಪ್ರೋಟೀನ್ ಪುಡಿ

ಹೂವಮ್ಮನ ಆಪರೇಷನ್ ಗಾಯ ತಿಂಗಳಾದರೂ ಒಣಗಿರಲಿಲ್ಲ. ಡಾಕ್ಟರು ದಿನಾ ಮೊಟ್ಟೆ ತಿನ್ನಿ ಎಂದಿದ್ದರು. ತೀರ್ಥಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದ ಮೈದುನ ರಾಜೇಂದ್ರ, "ನನ್ನ ಪ್ರೋಟೀನ್ ಪುಡಿ ಇದ್ರೆ ಮೊಟ್ಟೆ ಯಾಕೆ ಅತ್ತಿಗೆ?" ಎಂದು ಡಬ್ಬಿ ಕೊಟ್ಟಿದ್ದ. ಅವಳು ಗಂಜಿ, ಪುಡಿಯಲ್ಲೇ ದಿನ ದೂಡುತ್ತಿದ್ದಳು.

ಅನುಮಾನ ಬಂದು ಮಗಳು ಸುಚಿತ್ರಾ ಆ ಪುಡಿಯನ್ನು ಕಾಲೇಜಿನ ಲ್ಯಾಬಿಗೆ ಒಯ್ದಳು. ಪ್ರೋಟೀನ್ ಇದೆಯೇ ನೋಡಲು ಕ್ಷಾರದಲ್ಲಿ ಕಲಸಿ ಮೈಲುತುತ್ತದ ನೀರು ಸುರಿದಳು. ಕಡುನೀಲಿಯಾಯಿತು.

"ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೀತಿದೀಯೇನೇ?" ಲ್ಯಾಬ್ ನೋಡಿಕೊಳ್ಳುವ ಮನೋರಮಾ ಮೇಡಂ ಬೈದರು. "ಅಷ್ಟು ಸುರಿದ್ರೆ ನೇರಳೆ ಇದ್ರೂ ಕಾಣಲ್ಲ. ಎರಡೇ ಹನಿ ಹಾಕು. ಅಮೈನೋ ಆಮ್ಲಗಳು ಪೆಪ್ಟೈಡ್ ಬಂಧದಲ್ಲಿ ಸರಪಳಿಯಾಗಿ ಕೂಡಿದ್ರೆ, ಅಂದ್ರೆ ಪ್ರೋಟೀನ್ ಇದ್ರೆ, ನೇರಳೆಯಾಗುತ್ತೆ. ಪಕ್ಕದಲ್ಲಿ ಮೊಟ್ಟೆಯ ಬಿಳಿಯನ್ನೂ ಇಟ್ಟು ನೋಡು."

ಎರಡೆರಡೇ ಹನಿ ಹಾಕಿದಾಗ ಮೊಟ್ಟೆಯ ಬಿಳಿ ನೇರಳೆಯಾಯಿತು. ಹೊಸದಾಗಿ ಕಲಸಿದ ಪುಡಿ ನೀಲಿಯಾಗಿಯೇ ಉಳಿಯಿತು.

ಸುಚಿತ್ರಾ ಲ್ಯಾಬಿನಿಂದ ನೇರ ಅಂಗಡಿಗೆ ನುಗ್ಗಿದಳು. "ಇದರಲ್ಲಿ ಪ್ರೋಟೀನೇ ಇಲ್ಲ ಚಿಕ್ಕಪ್ಪ! ಅಮ್ಮನ ಗಾಯ ಹೆಂಗೆ ಮಾಯ್ಬೇಕು?"

"ಕೂಗ್ಬೇಡ್ವೇ, ಗಿರಾಕಿಗಳಿದಾರೆ. ಡಬ್ಬಿ ಇಲ್ಲಿ ಕೊಡು, ವಾಪಸ್ ತಗೋತೀನಿ."

"ತಗೊಂಡು ಇನ್ಯಾರಿಗೆ ಮಾರ್ತೀಯಾ?"

ಅವನು ಡಬ್ಬಿಗೆ ಕೈ ಚಾಚಿದ. ಅವಳು ಎಲ್ಲರೆದುರೇ ಪುಡಿಯನ್ನು ಚರಂಡಿಗೆ ಸುರಿದು, ಕಪಾಟಿನಲ್ಲಿದ್ದ ಅದೇ ಪುಡಿಯ ಉಳಿದ ಡಬ್ಬಿಗಳಿಗೂ ಕೈ ಹಾಕಿದಳು.